ಅಮೆರೊಲ್ ಕಟ್ಟಿದ ಗೋಡೆಗಳು

ಕೆರೆದಂಡೆಯ ಮರಾವಿ ಊರಿನಲ್ಲಿ ಹಗೆ ಇದ್ದವರೆಲ್ಲ ಮನೆ ಕಟ್ಟಿಸಲು ಮೇಸ್ತ್ರಿ ಅಮೆರೊಲ್‌ನನ್ನೇ ಕರೆಯುತ್ತಿದ್ದರು. ಹಗೆ ಇಲ್ಲದ ಮನೆತನ ಅಲ್ಲಿ ಯಾವುದಿತ್ತು ಹೇಳಿ! ಗುಂಡು ತೂರದ ಗೋಡೆ, ನೆಲಮಾಳಿಗೆ, ಅಲ್ಲಿಂದ ಪಾರಾಗಲು ಒಂದು ಕಳ್ಳದಾರಿ. ಯಜಮಾನನ ಅಪ್ಪಣೆಯಿಲ್ಲದೆ ಆ ದಾರಿಯ ಗುಟ್ಟು ಬಿಡುವುದಿಲ್ಲವೆಂದು ಮೇಸ್ತ್ರಿ ಕುರಾನಿನ ಮೇಲೆ ಆಣೆಯಿಡಬೇಕು. ಮೂವತ್ತು ವರ್ಷ ಅವನು ಹೆಂಡತಿಯ ಮುಂದೆಯೂ ಬಾಯಿ ಬಿಟ್ಟವನಲ್ಲ.

ಉಗ್ರರು ಊರು ಹಿಡಿದ ಹತ್ತನೆಯ ದಿನ ಮಗಳು ನೊರ್ಹಾನಾಳ ಫೋನ್ ಬಂತು. ಅವಳೂ ಇನ್ನು ಹನ್ನೊಂದು ಜನರೂ ಅಪ್ಪನೇ ಕಟ್ಟಿದ್ದ ಮಕ್ಮೋದನ ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದಿದ್ದರು. ಮೇಲಿನ ಮನೆಯಲ್ಲಿ ಬಂದೂಕಿನವರು. ಅಮೆರೊಲ್ ಸೇನೆಯ ಡೇರೆಗೆ ಓಡಿದ.

ಅಲ್ಲಿ ಕ್ಯಾಪ್ಟನ್ ಎದುರು ಮಿತ್ರದೇಶಗಳ ಇಬ್ಬರು ಅಧಿಕಾರಿಗಳು, ನೆಂಟರು ತಂತಮ್ಮ ಮನೆಯ ಮದುವೆ ಹೋಲಿಸುವ ಹಾಗೆ, ತಂತಮ್ಮ ಯುದ್ಧ ಹೋಲಿಸುತ್ತಿದ್ದರು.

“ಇರಾಕಲ್ಲಿ ನಾವು ಮೊದ್ಲು ಬಾಂಬ್ ಹಾಕಿ, ಆಮೇಲೆ ಬೀದಿಗಿಳಿದ್ವಿ,” ಎಂದ ಒಬ್ಬ.

“ಅಫ್ಘಾನಿಸ್ತಾನದಲ್ಲಿ ನಾವು ಸುತ್ತುವರಿದು ಕಾದ್ವಿ. ಕಾಯೋದೇ ಸರಿ,” ಎಂದ ಇನ್ನೊಬ್ಬ.

“ನಾವು ಕಾಡಲ್ಲಿ ಹೋರಾಡಿದೋರು. ಊರು ನಮಗೆ ಹೊಸದು,” ಎಂದು ಕ್ಯಾಪ್ಟನ್ ತಲೆ ಕೆರೆದುಕೊಂಡ.

“ಆ ಊರುಗಳ್ನ ಯಾರ್ ಕಟ್ಟಿದ್ರೋ ಸಾರ್. ಇದನ್ನ ಕಟ್ಟಿದ್ದು ನಾನು,” ಎಂದ ಅಮೆರೊಲ್. “ಒಂದ್ ಗಂಟೆ ಕೊಡಿ. ಬಾಂಬ್ ಮಾತ್ರ ಹಾಕ್ಬೇಡಿ.”

ಅಲ್ಲಿಂದ ನೇರವಾಗಿ ನಿರಾಶ್ರಿತರ ಶಿಬಿರಕ್ಕೆ ಬಂದ. ಮಕ್ಮೋದ್ ಒಂದು ಮೂಲೆಯಲ್ಲಿದ್ದ. ಅವನ ಹುಟ್ಟಾ ವೈರಿ ಲಾಂತುದ್ ಎದುರು ಮೂಲೆಯಲ್ಲಿ. ಇಬ್ಬರೂ ಮನೆತನದ ಯಜಮಾನರು, ಊರವರ ಬಾಯಲ್ಲಿ ‘ದಾತು’ಗಳು. ಅಮೆರೊಲ್ ನಡುವೆ ನಿಂತ.

“ದಾತು, ಇಬ್ರೂ ಅಪ್ಪಣೆ ಕೊಡ್ಬೇಕು. ನಿಮ್ಮಿಬ್ಬರ ಕಳ್ಳದಾರಿನೂ ಒಂದೇ ಚರಂಡಿಗೆ ಕೂಡಿಸ್ಬಿಟ್ಟಿದ್ದೆ. ಕೆಲಸ ಕಮ್ಮಿ ಆಗ್ಲಿ ಅಂತ. ಅದರ ಕೆರೆ ಕಡೆ ಬಾಯಿ ಉಗ್ರರ ಕೈಲಿದೆ. ಲಾಂತುದ್ ದಾತು ಮನೆ ಸೇನೆ ಕಡೆ ಇದೆ. ಮಗಳು ಅದರೊಳಗಿಂದಾನೇ ಬರ್ಬೇಕು.”

ಇಂಥ ಮೋಸಕ್ಕೆ ಆ ಊರಿನಲ್ಲಿ ತಲೆ ಉರುಳುತ್ತದೆ.

“ಇಪ್ಪತ್ತು ವರ್ಷ ಈ ಮಕ್ಮೋದ್ ನನ್ನ ನೆಲಮಾಳಿಗೆಗೇ ಬರಬಹುದಿತ್ತೇನೋ, ಕಳ್ಳ ಮೇಸ್ತ್ರಿ!” ಎಂದು ಲಾಂತುದ್ ಗುಡುಗಿದ.

“ಗೊತ್ತಿದ್ರೆ ಬರದೇ ಬಿಡ್ತಿದ್ನಾ?” ಎಂದ ಮಕ್ಮೋದ್. ಆಮೇಲೆ ಅವನಿಗೇ ನಗು ತಡೆಯಲಿಲ್ಲ. “ಹೇಳೋ ಅಮೆರೊಲ್. ನಂದು ಬಿಟ್ಟುಕೊಟ್ಟೆ.”

ಲಾಂತುದ್ ಮೀಸೆ ತಿರುವಿದ. “ಅವನಿಗಿಂತ ನಾನೇನ್ ಕಮ್ಮೀನಾ? ನಂದೂ ಹೇಳು!”

ಅಮೆರೊಲ್ ಫೋನಿನಲ್ಲಿ ಮೆಲ್ಲಗೆ ಹೇಳಿದ: “ನೀರಿನ ತೊಟ್ಟಿ ಹಿಂದೆ ಒಂದೇ ಸಾಲು ಇಟ್ಟಿಗೆ, ಮಗಳೇ. ಸದ್ದಾಗದ ಹಾಗೆ ಕೀಳು, ಚರಂಡೀಲಿ ಕೆರೆಗೆ ಬೆನ್ನು ಹಾಕಿ ಬಾ!”

ಸಂಜೆ ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಹನ್ನೆರಡು ಜನವೂ ಲಾಂತುದನ ನೆಲಮಾಳಿಗೆಯಿಂದ ಒಬ್ಬೊಬ್ಬರಾಗಿ ಮೇಲೆ ಬಂದರು. ಸೈನಿಕರು ಕುಣಿದಾಡಿದರು. ವಿದೇಶಿ ಅಧಿಕಾರಿಗಳಲ್ಲೊಬ್ಬ ಪುಸ್ತಕ ತೆಗೆದು, ಇದು ಯಾವ ದೇಶದ ಪದ್ಧತಿ ಎಂದು ಕ್ಯಾಪ್ಟನ್‌ನನ್ನು ಕೇಳಿದ.

ಕೊನೆಯಲ್ಲಿ ಬಂದವಳು ನೊರ್ಹಾನಾ, ಮೈಯೆಲ್ಲ ಕೆಸರು.

“ಒಂದೇ ಸಾಲು ಇಟ್ಟಿಗೆನಾ ಅಪ್ಪಾ? ಇಷ್ಟು ಗಟ್ಟಿ ಯಾಕ್ ಕಟ್ಟಿದ್ದೆ? ಉಗುರೇ ಹೋಯ್ತು!”

ಆ ರಕ್ತದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡು ಅಮೆರೊಲ್ ಎಲ್ಲರ ಎದುರಿಗೇ ಗಟ್ಟಿಯಾಗಿ ಅತ್ತ.