ನನ್ನ ಮಾರಿ, ಅವನ ಜಾಹೀರಾತು

ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಹುಡುಗಿಯರಿಗೆ ಖೊಖೊ ಕಲಿಸುತ್ತ ಅರ್ಧ ಆಯುಷ್ಯವನ್ನು ಬಯಲಲ್ಲೇ ಕಳೆದಿದ್ದೇನೆ. ಮೈದಾನದ ಅಂಚಿಗೆ ಎರಡು ಬೇವಿನ ಸಸಿ ನೆಟ್ಟಿದ್ದೆವು. ಪಂದ್ಯಾವಳಿಗೆ ಪೆಂಡಾಲು ಹಾಕಲು ಬಂದವರು ಅವನ್ನೂ ಕಡಿದು ಹೋದರು. ನಲವತ್ತೈದು ದಾಟುವಷ್ಟರಲ್ಲಿ ನನ್ನ ಕೆನ್ನೆಗಳ ಮೇಲೆ ಕಂದು ಕಲೆ ಹಬ್ಬಿ, ಕಣ್ಣಿನ ಬದಿಯ ಚರ್ಮ ಒಣಮೆಣಸಿನಕಾಯಿಯಂತೆ ಸುಕ್ಕುಗಟ್ಟಿತ್ತು. ನನಗೆ ಅದರ ಚಿಂತೆ ಇರಲಿಲ್ಲ. ಇದ್ದದ್ದು ತಿಕೋಟಾದಲ್ಲಿರುವ ನನ್ನ ಗಂಡನ ಅಕ್ಕನಿಗೆ.

ಆಕೆಯ ಮಗಳ ನಿಶ್ಚಯದ ದಿನ, ಹೆಂಗಸರೆಲ್ಲ ಊಟಕ್ಕೆ ಕೂತಿದ್ದಾಗ, ಹೋಳಿಗೆ ಬಡಿಸುತ್ತ ಬಂದವಳು ನನ್ನ ಮುಂದೆ ನಿಂತಳು.

“ಏನಬೇ, ಸಾಲಿ ಬಿಟ್ಟು ಹೊಲದಾಗ ಕಳೆ ತಗಿಯಾಕ ಹೋಗಾಕತ್ತೀಯೇನು? ನನ್ನ ತಮ್ಮನ ಬಾಜೂಕ ನಿಂತ್ರ ಅವನ ಅವ್ವ ಕಂಡಂಗ ಕಾಣ್ತಿ.”

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನೂ ನಕ್ಕ. ಮುಂದಿನ ವಾರವೇ ನಾನು ವಿಜಯಪುರಕ್ಕೆ ಹೋಗಿ ಸೊಲ್ಲಾಪುರ ರಸ್ತೆಯ ಒಂದು ಚರ್ಮದ ದವಾಖಾನೆಯ ಮೆಟ್ಟಿಲು ಹತ್ತಿದೆ. ಚೆಂದ ಕಾಣಬೇಕೆಂಬ ಆಸೆಯಿಂದಲ್ಲ, ಸಿಟ್ಟಿನಿಂದ.

ಡಾಕ್ಟರು ಹೊಸಬ, ಕೂದಲಿಗೆ ಜೆಲ್ ಮೆತ್ತಿಕೊಂಡಿದ್ದ. ಒಂದು ಕಣ್ಣು ಮೊಬೈಲಿನ ಮೇಲೇ ಇತ್ತು.

“ಏನ್ರಿ ಮೇಡಂ, ಬಿಸಿಲು ನಿಮ್ಮ ಮಾರಿ ತಿಂದಬಿಟ್ಟೈತಲ್ರಿ!” ಎಂದ, ನಾನೇ ಬೇಕೆಂದು ತಿನ್ನಿಸಿದೆನೇನೋ ಎಂಬಂತೆ.

ಆಮೇಲೆ ವಿವರಿಸಿದ. ಲೇಸರ್ ಚರ್ಮದಲ್ಲಿ ಸೂಜಿಮೊನೆಗಿಂತ ಸಣ್ಣ ಗಾಯಗಳನ್ನು ಮಾಡುತ್ತದೆ, ಅವು ಮಾಯುವಾಗ ಒಳಗಿನಿಂದ ಹೊಸ ಚರ್ಮ ಕಟ್ಟಿಕೊಳ್ಳುತ್ತದೆ. ಜೊತೆಗೆ ಮುಂಜಾನೆ ವಿಟಮಿನ್ ಸಿ ಸೀರಮ್, ಅದರ ಮೇಲೆ ಸನ್‌ಸ್ಕ್ರೀನ್, ಗಾಯ ಪೂರ್ತಿ ಮಾಯ್ದ ಮೇಲೆ ರಾತ್ರಿ ಇನ್ನೊಂದು ಕ್ರೀಮು.

“ಬರೇ ಲೇಸರ್ ಅರ್ಧ ಕೆಲಸ, ಬರೇ ಕ್ರೀಮೂ ಅರ್ಧ ಕೆಲಸ. ಎರಡೂ ಕೂಡಬೇಕ್ರಿ. ಮತ್ತ ಬಿಸಿಲಿಗಿ ಹೋಗಬ್ಯಾಡ್ರಿ. ನಮ್ಮಂಥಾ ಬಣ್ಣದ ಚರ್ಮಕ್ಕ ಕಲೆ ಇನ್ನೂ ಕರ್ರಗ ಆಗ್ತಾವ.”

“ನಾ ಆಟ ಕಲಿಸೂ ಟೀಚರ್ ಅದೀನ್ರಿ.”

“ಹಂಗಾರ ನೆರಳಾಗ ಕಲಿಸ್ರಿ.”

ಬೇವಿನ ಗಿಡದ ಕತೆ ಅವನಿಗೆ ಹೇಳಲಿಲ್ಲ. ನರ್ಸ್ ನನ್ನ ಮುಖದ ಫೋಟೋ ತೆಗೆದಳು. ಯಾಕೆಂದು ಕೇಳಿದರೆ, “ಫೈಲಿಗ್ರಿ” ಎಂದಳು.

ಮರಗಟ್ಟಿಸುವ ಮುಲಾಮು ಹಚ್ಚಿದ್ದರೂ ಲೇಸರ್ ಬಡಿದಾಗ ಒಗ್ಗರಣೆಯ ಎಣ್ಣೆ ಮುಖಕ್ಕೆ ಸಿಡಿದಂತಾಯಿತು. ಕೂದಲು ಸುಟ್ಟ ವಾಸನೆ ಬಂತು. “ನೋಯಾಕತ್ತೈತೇನ್ರಿ?” ಎಂದ. ಅವನ ಮುಂದೆ ಅಳುವುದಕ್ಕಿಂತ ಸುಳ್ಳು ವಾಸಿ ಎನಿಸಿ “ಇಲ್ಲ” ಎಂದೆ. ಮುಖ ಕೆಂಪಾಗಿ ಊದಿ, ಆಮೇಲೆ ಉಸುಕಿನಂಥ ಹೊಟ್ಟು ಉದುರಿತು. ರಜೆ ಮುಗಿಸಿ, ಮುಖಕ್ಕೆ ಓಢಣಿ ಸುತ್ತಿ ಛತ್ರಿ ಹಿಡಿದು ಮೈದಾನಕ್ಕಿಳಿದರೆ ಹೆಡ್‌ಮಾಸ್ತರರು ಬಂದು, “ಏನ್ ಮೇಡಂ, ಹೊಸಾ ಮದಲಗಿತ್ತಿ ಆಗೀರಲ್ಲ?” ಎಂದರು. ನಾನು ಅವರ ಕಿವಿಯ ಹತ್ತಿರವೇ ಸೀಟಿ ಊದಿದೆ.

ಇನ್ನೆರಡು ಸಲ ಹೋಗಿ ಬಂದೆ, ಆಗಲೂ ನರ್ಸ್ ಫೈಲಿಗೆಂದು ಫೋಟೋ ತೆಗೆದಳು. ಹೇಳಿದ್ದನ್ನು ತಪ್ಪದೆ ಹಚ್ಚಿದೆ. ಕಲೆಗಳು ತಿಳಿಯಾದವು, ಕೆನ್ನೆ ನುಣುಪಾಯಿತು. ಕಣ್ಣಿನ ಬದಿಯ ಗೆರೆಗಳು ಮಾತ್ರ ಅಷ್ಟಾಗಿ ಜಗ್ಗಲಿಲ್ಲ.

ಅಷ್ಟರಲ್ಲಿ ಒಂದು ಸಂಜೆ ಮನೆತನದ ವಾಟ್ಸಪ್ ಗುಂಪಿನಲ್ಲಿ ನನ್ನದೇ ಎರಡು ಮುಖ ಬಂದವು, ಒಂದು ಮೊದಲಿನದು, ಒಂದು ಈಗಿನದು. ಕಣ್ಣುಗಳ ಮೇಲೆ ಕಪ್ಪು ಪಟ್ಟಿ, ಕೆಳಗೆ “ಬಿಸಿಲಿಗೆ ಬೆಂದ ಮುಖವೇ? ಚಿಂತೆ ಬಿಡಿ” ಎಂಬ ದಪ್ಪ ಅಕ್ಷರ, ದವಾಖಾನೆಯ ವಿಳಾಸ. ಕಳಿಸಿದವಳು ಗಂಡನ ಅಕ್ಕ. “ಗದ್ದದ ಗಾಯ ನೋಡಿ ಯಾರಂತ ಹೇಳ್ರಿ” ಎಂದು ಬರೆದಿದ್ದಳು. ಖೊಖೊ ಕಂಬಕ್ಕೆ ಬಡಿದು ಆದ ಆ ಗಾಯ ಊರಿಗೆಲ್ಲ ಗೊತ್ತು. ಒಬ್ಬರ ಹಿಂದೊಬ್ಬರು ನಗುವ ಗೊಂಬೆ ಒತ್ತಿದ್ದರು.

ಮರುದಿನ ರೋಗಿಗಳ ಸಾಲು ದಾಟಿ ನೇರ ಡಾಕ್ಟರನ ಕೋಣೆಗೆ ನುಗ್ಗಿದೆ.

“ಯಾರನ್ನ ಕೇಳಿ ನನ್ನ ಮಾರಿ ಹಾಕೀರಿ?”

“ಕಣ್ಣು ಮುಚ್ಚೇವಲ್ರಿ ಮೇಡಂ.”

“ಕಣ್ಣು ಮುಚ್ಚಿದ್ರ ಉಳಿದದ್ದೇನು ನಿಮ್ಮಪ್ಪನ ಮಾರೀನ?”

ಹೊರಗೆ ಕೂತವರು ಬಾಗಿಲಿಗೆ ಬಂದು ನಿಂತರು. ಅವನ ಮುಖ ಕೆಂಪೇರಿತು. “ಸಣ್ಣ ದನೀಲೆ ಮಾತಾಡ್ರಿ. ಚಲೋ ಆಗೈತಿ ಅಂತ ಹಾಕೇವಿ. ಮುಂದಿನ ಸಿಟಿಂಗ್ ಪುಕ್ಕಟ ಮಾಡ್ತೀನಿ, ಕೂಡ್ರಿ.”

“ನಿನ್ನ ಪುಕ್ಕಟದ್ದು ನಿನ್ನ ಕಡೇನ ಇರಲಿ. ಈಗ ತಗಿ. ನನ್ನ ಕಣ್ಣೆದುರಿಗೆ ತಗಿ.”

ಮೊಬೈಲಿನಲ್ಲಿ ದವಾಖಾನೆಯ ಪುಟ ತೆರೆದು ತೆಗೆದ. ಅಳಿಸಿದ್ದನ್ನು ನೋಡಿಯೇ ಹೊರಟೆ. ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಮನೆತನದ ಗುಂಪಿನಿಂದಲೂ ಹೊರಬಿದ್ದೆ. ತಿಕೋಟಾದ ಮದುವೆಗೆ ಗಂಡನೊಬ್ಬನೇ ಹೋಗಿ ಬಂದ. “ಅಕ್ಕ ಕೇಳಾಕತ್ತಿದ್ಲು” ಎಂದ. “ಕೇಳಲಿ” ಎಂದೆ.

ಕೆಲವು ತಿಂಗಳ ನಂತರ ಮುಖವನ್ನು ಬೇರೊಬ್ಬ ಡಾಕ್ಟರಿಗೆ ತೋರಿಸಿದೆ, ನಡುವಯಸ್ಸಿನ ಹೆಂಗಸು. ಅವರು ದೀಪ ಹಿಡಿದು ಕೆನ್ನೆಯನ್ನು ನಿಧಾನವಾಗಿ ನೋಡುತ್ತಿದ್ದಾಗ ನನ್ನ ಮನಸ್ಸು ಒಂದೇ ಮಾತಿಗೆ ಕಾಯುತ್ತಿತ್ತು. ಸುಟ್ಟುಹಾಕಿದ್ದಾನೆ, ಕೆಡಿಸಿದ್ದಾನೆ, ಏನಾದರೂ ಒಂದು ಅನ್ನಲಿ.

“ಲೇಸರ್ ಯಾರು ಮಾಡ್ಯಾರ್ರಿ? ಭಾಳ ಚಲೋ ಮಾಡ್ಯಾರ. ಇನ್ನ ಲೇಸರ್ ಬ್ಯಾಡ, ಹಚ್ಚೂದು ಮಾತ್ರ ಬಿಡಬ್ಯಾಡ್ರಿ.”

ಬಿಟ್ಟಿಲ್ಲ. ದಿನಾ ಮುಂಜಾನೆ ಬಸ್ಸಿಗೆ ಹೊರಡುವ ಮುಂಚೆ ಸೀರಮ್ ಹಚ್ಚುತ್ತೇನೆ, ಅದು ಚರ್ಮಕ್ಕೆ ಇಳಿಯುವ ತನಕ ಅವನನ್ನು ಬೈಯುತ್ತೇನೆ.