ಎತ್ತಿದ ಟ್ರೈಲರಿನ ಅಡಿಯಲ್ಲಿ ಎರಡು ಕಾಲು

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಹೆಡ್‌ಮಾಸ್ಟರ್ ಮತ್ತು ಇಡೀ ಎಂಟನೇ ಕ್ಲಾಸಿನ ಎದುರು, ನಾನು ನನ್ನ ಗಂಡನ ಕಾಲು ಹಿಡಿದೆ.

ನಮಸ್ಕಾರ ಮಾಡಲಿಕ್ಕಲ್ಲ. ಎಳೆದು ಹೊರಗೆ ಹಾಕಲಿಕ್ಕೆ.

ನಮ್ಮ ಮನೆಯ ಲಾರಿಯ ಬಗ್ಗೆ ಹಿಂದೊಮ್ಮೆ ಬರೆದಿದ್ದೆ (ಬರೆದದ್ದಕ್ಕೆ ಮನೆಯಲ್ಲಿ ಬೈಸಿಕೊಂಡೂ ಇದ್ದೆ). ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಲಾರಿ. ನನ್ನ ಗಂಡ (ಊರಿಗೆಲ್ಲ ವಾಸಣ್ಣ) ಅದರಲ್ಲಿ ಹತ್ತು ವರ್ಷ ಸುಳ್ಯದ ಕಡೆಯಿಂದ ಮರದ ದಿಮ್ಮಿ ಸಾಗಿಸಿದರು. ಈಗ ಮರದ ಕೆಲಸ ಕಡಿಮೆ. ಲಾರಿಯ ಹಿಂದೆ ಒಂದು ಟ್ರೈಲರ್ ಕಟ್ಟಿಕೊಂಡು ಮಣ್ಣು, ಜಲ್ಲಿ ಸಾಗಿಸುತ್ತಾರೆ. ಹಾರೆ, ಬುಟ್ಟಿ ಹಿಡಿದು ಒಂದು ಲೋಡು ಖಾಲಿ ಮಾಡಲಿಕ್ಕೆ ಎರಡು ಗಂಟೆ. ಆಳುಗಳ ಜೊತೆ ಇವರೂ ನಿಲ್ಲುತ್ತಿದ್ದರು. ಸಂಜೆಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ.

ಮಂಗಳೂರಿನ ಬಂದರಿನಲ್ಲಿ, ತಾನೇ ಎದ್ದು ಮಣ್ಣು ಸುರಿಯುವ ಟ್ರೈಲರನ್ನು ನೋಡಿ ಬಂದದ್ದೇ ಬಂದದ್ದು, ಇವರಿಗೆ ಅದೇ ಧ್ಯಾನ. ಊಟಕ್ಕೆ ಕೂತರೆ ಬಟ್ಟಲಿನ ಒಂದು ಬದಿ ಎತ್ತಿ ತೋರಿಸುವುದು. "ನೋಡು, ಇಷ್ಟು ಎತ್ತಿದರೆ ಸಾಕು." ಸಾರು ನೆಲಕ್ಕೆ. ಒರೆಸುವವರು ಯಾರು?

ಕೊನೆಗೆ ಲಾರಿ, ಟ್ರೈಲರ್ ಎರಡೂ ದರ್ಬೆಯ ಪೌಲ್ ಪೊರ್ಬುಗಳ ವರ್ಕ್‌ಶಾಪಿಗೆ ಹೋದವು. ಪೊರ್ಬುಗಳು (ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಹೀಗೆ ಕರೆಯುವುದು) ಬೊಂಬಾಯಿಯ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡಿ ಊರಿಗೆ ಮರಳಿದವರು. ಲಾರಿಯ ಅಡಿಗೆ ನುಸುಳಿ ಹೊರಗೆ ಬಂದವರೇ ನಕ್ಕರು. "ಅರ್ಧ ಕೆಲಸ ಮಿಲಿಟರಿಯವರೇ ಮಾಡಿ ಇಟ್ಟಿದ್ದಾರೆ ಮಾರಾಯ್ರೆ!"

ದಿಮ್ಮಿ ಎಳೆಯುವ ವಿಂಚನ್ನು ತಿರುಗಿಸಲು ಗೇರ್ ಬಾಕ್ಸಿನಿಂದ ಒಂದು ಶಾಫ್ಟ್ ಹೊರಗೆ ಬಂದಿತ್ತು. ವಿಂಚನ್ನು ತೆಗೆದು ಆ ಶಾಫ್ಟಿಗೆ ಎಣ್ಣೆಯ ಪಂಪ್ ಜೋಡಿಸಿದರು. ಕ್ಯಾಬಿನ್ನಿನ ಹಿಂದೆ ಎಣ್ಣೆಯ ಟ್ಯಾಂಕ್. ಅಲ್ಲಿಂದ ಟ್ರೈಲರಿನ ಅಡಿಯಲ್ಲಿರುವ ದೊಡ್ಡ ಜಾಕಿಗೆ ದಪ್ಪ ಪೈಪು. ಪಂಪು ಎಣ್ಣೆಯನ್ನು ನೂಕಿದರೆ ಜಾಕು ಉದ್ದವಾಗುತ್ತದೆ, ಮಣ್ಣು ತುಂಬಿದ ಬಾಡಿ ಏಳುತ್ತದೆ. ಎಣ್ಣೆ ಟ್ಯಾಂಕಿಗೆ ಮರಳಿದರೆ ಬಾಡಿ ಇಳಿಯುತ್ತದೆ. ಎರಡಕ್ಕೂ ಡ್ರೈವರ್ ಸೀಟಿನ ಹತ್ತಿರ ಒಂದೇ ಲಿವರು. ಇಷ್ಟೇ. (ಇಷ್ಟು ತಿಳಿಯಲು ಕನ್ನಡ ಟೀಚರಾದ ನನಗೆ ಮೂರು ವಾರ ಬೇಕಾಯಿತು.)

ಮೊದಲ ಸಲ ಎತ್ತಿದಾಗ ಬಾಡಿ ಚಳಿಜ್ವರ ಬಂದವರ ಹಾಗೆ ನಡುಗಿತು. "ಪೈಪಿನೊಳಗೆ ಗಾಳಿ ಉಂಟು," ಎಂದರು ಪೊರ್ಬುಗಳು. ಗಾಳಿಯೆಲ್ಲ ಗುಳುಗುಳು ಎಂದು ಹೊರಟುಹೋದ ಮೇಲೆ ಬಾಡಿ ಬೆಣ್ಣೆಯ ಹಾಗೆ ಎದ್ದಿತು. ಇವರ ಮುಖ ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

ಕೊನೆಗೆ ಪೊರ್ಬುಗಳು ಗಟ್ಟಿ ಮರದ ಎರಡು ದಪ್ಪ ತುಂಡು ಕೊಯ್ದು ಕೊಟ್ಟರು. "ಬಾಡಿ ಎದ್ದಿರುವಾಗ ಅಡಿಗೆ ಹೋಗಬೇಕಾದರೆ ಮೊದಲು ಇದರ ಆಧಾರ ಕೊಡಿ. ಎಣ್ಣೆಯನ್ನು ನಂಬುದು ಬೇಡ, ಮರವನ್ನು ನಂಬಿ."

"ಆಯ್ತು, ಆಯ್ತು," ಎಂದರು ಇವರು. ಗಡಿಬಿಡಿಯಲ್ಲಿ ಎರಡನ್ನೂ ದರ್ಬೆಯಲ್ಲೇ ಬಿಟ್ಟು ಬಂದರು.

ಮೊದಲ ಲೋಡು ಕೋಡಿಂಬಾಳದ ಹತ್ತಿರ, ನಾನು ಪಾಠ ಮಾಡುವ ಶಾಲೆಗೆ. ಆಟದ ಬಯಲಿನ ಹೊಂಡ ತುಂಬಿಸಬೇಕಿತ್ತು. ಎಂಟನೇ ಕ್ಲಾಸು ಹೊರಗೆ ಓಡಿತು. ಹಿಂದಿನಿಂದ ನಾನು, ನನ್ನ ಹಿಂದಿನಿಂದ ಹೆಡ್‌ಮಾಸ್ಟರ್.

ಬಾಡಿ ಎದ್ದಿತು. ಮಣ್ಣು ಸರ್ರೆಂದು ಜಾರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ?

ಆಮೇಲೆ ಬಾಡಿ ಇಳಿಯಲಿಲ್ಲ.

ಇವರು ಲಿವರನ್ನು ಹಿಂದೆ ಮುಂದೆ ಮಾಡಿದರು. ಇಲ್ಲ. ಗುದ್ದಿದರು. ಇಲ್ಲ. ಮಕ್ಕಳು ಕಿಸಿಕಿಸಿ ನಗತೊಡಗಿದರು. ಇವರು ಸ್ಪ್ಯಾನರ್ ತೆಗೆದುಕೊಂಡು ನೇರ ಎತ್ತಿದ ಬಾಡಿಯ ಅಡಿಗೆ ನುಸುಳಿದರು.

"ಎಂತ ಮಾಡುದು ನೀವು?" ಎಂದು ಕೂಗಿದೆ.

"ಪೈಪಿನ ನಟ್ ಸಡಿಲ ಮಾಡಿದರೆ ಎಣ್ಣೆ ಹೋಗ್ತದೆ, ಬಾಡಿ ಇಳಿತದೆ. ಎರಡು ನಿಮಿಷ ಮಾರಾಯ್ತಿ."

ಎಣ್ಣೆ ಹೋದರೆ ಬಾಡಿ ಇಳಿಯುತ್ತದೆ, ಸರಿ. ಎಲ್ಲಿಗೆ ಇಳಿಯುತ್ತದೆ? ಇವರ ಮೇಲೆ!

ವಾದ ಮಾಡಲು ಸಮಯ ಇರಲಿಲ್ಲ. ಹೊರಗೆ ಎರಡು ಕಾಲು ಕಾಣುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡನ್ನೂ ಹಿಡಿದು ಎಳೆದೆ. ಅಂಗಿ ಹರಿಯಿತು. ಬೆನ್ನು ತರಚಿತು. ಇವರು ಕೆಂಪು ಮಣ್ಣಿನಲ್ಲಿ ಅಂಗಾತ ಮಲಗಿ ನನ್ನನ್ನು ನೋಡಿದರು.

"ಮಕ್ಕಳ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ!"

ನಾನು ಸ್ಪ್ಯಾನರನ್ನು ಕಿತ್ತು ಹೆಡ್‌ಮಾಸ್ಟರರ ಕೈಗೆ ಕೊಟ್ಟೆ. "ಸರ್, ಇದನ್ನು ಯಾರಿಗೂ ಕೊಡಬೇಡಿ." ಅವರು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಪೋಸ್ಟಾಫೀಸಿಗೆ ಹೋಗಿ ದರ್ಬೆಗೆ ಫೋನ್ ಮಾಡಿಸಿದರು.

ಇವರ ಮೇಲೆ ನಂಬಿಕೆ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಟ್ರೈಲರಿನಿಂದ ಸ್ವಲ್ಪ ಆಚೆ ಕುರ್ಚಿ ತರಿಸಿ, ಎಂಟನೇ ಕ್ಲಾಸನ್ನು ಅಲ್ಲೇ ಕೂರಿಸಿ, ಸಂಧಿಯ ಪಾಠ ಮಾಡಿದೆ. ಇವರು ಹುಣಸೆ ಮರದ ಅಡಿಯಲ್ಲಿ ಬೆನ್ನು ತಿರುಗಿಸಿ ಕೂತರು. ಎರಡು ಗಂಟೆ.

ಮಧ್ಯಾಹ್ನದ ಬಸ್ಸಿನಲ್ಲಿ ಪೊರ್ಬುಗಳು ಬಂದರು. ಬಸ್ಸಿನ ಟಾಪಿನಿಂದ ಆ ಎರಡು ಮರದ ತುಂಡುಗಳೂ ಇಳಿದವು. ಅವರು ಮೊದಲು ಕೆಳಗಿನ ಚಾಸಿಸಿಗೂ ಎದ್ದ ಬಾಡಿಗೂ ನಡುವೆ ಎರಡೂ ಬದಿ ಮರ ಕೊಟ್ಟರು. ಹೆಡ್‌ಮಾಸ್ಟರರಿಂದ ಸ್ಪ್ಯಾನರ್ ಇಸಿದುಕೊಂಡರು. ಪಕ್ಕದಲ್ಲಿ ನಿಂತು, ಕೈ ಮಾತ್ರ ಒಳಗೆ ಚಾಚಿ, ಅದೇ ನಟ್ಟನ್ನು ಅರ್ಧ ಸುತ್ತು ತಿರುಗಿಸಿದರು.

ಢಬ್!

ಎರಡು ಬೆರಳಿನಷ್ಟೇ ಇಳಿದದ್ದು. ಆದರೂ ನೆಲ ಅದುರಿತು. ಮರ ಕಿರ್ರೆಂದು ನರಳಿ, ತಡೆದು ನಿಂತಿತು. ಒಂದು ಮಗುವೂ ನಗಲಿಲ್ಲ. ಹುಣಸೆ ಮರದ ಅಡಿಯಿಂದ ಎದ್ದು ಬಂದಿದ್ದ ಇವರು ಬಗ್ಗಿ, ಬಾಡಿಯ ಅಡಿಯಲ್ಲಿ ತಾವು ನುಸುಳಿದ್ದ ಜಾಗವನ್ನು ನೋಡಿದರು.

ತೊಂದರೆ ಎಂತದು ಗೊತ್ತಾ? ಲಿವರಿನ ಕೆಳಗಿನ ವಾಲ್ವಿನಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣದ ಚೂರು. ಪೊರ್ಬುಗಳು ಸೀಮೆಎಣ್ಣೆಯಲ್ಲಿ ತೊಳೆದು, ಜೋಡಿಸಿ, ಬಾಡಿಯನ್ನು ಸ್ವಲ್ಪ ಎತ್ತಿ ಮರ ತೆಗೆದು, ಮೆಲ್ಲ ಇಳಿಸಿದರು. "ನನ್ನ ವರ್ಕ್‌ಶಾಪಿನ ಚೂರೇ ಇದು. ತಪ್ಪು ನನ್ನದೂ ಉಂಟು," ಎಂದರು. ಅಂಥ ಮಾತು ಆಡುವ ಮೆಕ್ಯಾನಿಕ್ ನಿಮ್ಮ ಊರಿನಲ್ಲಿದ್ದಾರಾ?

ಆ ಸಂಜೆ ಇವರ ಬೆನ್ನಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದೆ. ಇವರು, "ನಾಳೆಗೆ ಇನ್ನು ಆರು ಲೋಡು ಉಂಟು," ಎಂದರು. ಸ್ವಲ್ಪ ಬಿಟ್ಟು, "ನೀನು ಎಳೆಯದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಇವರ ಭಾಷೆಯಲ್ಲಿ ಅದು ಬಹಳ ದೊಡ್ಡ ಮಾತು. ನನಗೆ ಅಷ್ಟೇ ಸಾಕು.

ಈಗ ಹೊಂಡ ತುಂಬಿದೆ, ಮಕ್ಕಳು ಅಲ್ಲಿ ಕಬಡ್ಡಿ ಆಡುತ್ತಾರೆ. ಟ್ರೈಲರಿಗೆ ಕೈತುಂಬ ಕೆಲಸ. ಇವರ ಸೊಂಟ ನೆಟ್ಟಗಿದೆ. ಆದರೆ ಎಂಟನೇ ಕ್ಲಾಸಿನವರು ಊರಿಡೀ ಕಥೆ ಹಬ್ಬಿಸಿದ್ದಾರೆ. ಟೀಚರು ಗಂಡನನ್ನು ಹೀಗೆ ಎಳೆದರಂತೆ, ಹಾಗೆ ಎಳೆದರಂತೆ. ನಿನ್ನೆ ದಾರಿಯಲ್ಲಿ ಸಿಕ್ಕಿದವರೊಬ್ಬರು ಕೇಳಿಯೇಬಿಟ್ಟರು, "ಗಂಡನ ಮರ್ಯಾದೆ ಸ್ವಲ್ಪ ನೋಡಬೇಕಿತ್ತಲ್ಲ ಟೀಚರ್?"

ಹೋದ ಮರ್ಯಾದೆಯನ್ನು ಇನ್ನೊಮ್ಮೆ ಸಂಪಾದಿಸಬಹುದು ಮಾರಾಯ್ರೆ, ಅದಕ್ಕೆ ಮನುಷ್ಯ ಉಳಿಯಬೇಕಲ್ಲ?