ಅಡುಗೆಮನೆ ಗೋಡೆಯ ಗಾಜಿನ ಪಟ್ಟಿ

ಪ್ಯಾರೀಸ್ ಕಾರ್ನರ್ ಹಿಂದಿನ ನಮ್ಮ ಬೀದಿ ಈಗ ನೋಡಲು ಚಂದ. ತಲೆಯ ಮೇಲಿದ್ದ ವಯರುಗಳ ಗೋಜಲು ನೆಲದಡಿ ಹೋಯಿತು. ಅಗಲವಾದ ಕಲ್ಲುಹಾಸು, ಹೊಸ ದೀಪದ ಕಂಬ, ಕೂರಲು ಬೆಂಚು ಬಂದವು. ಕೆಳಗೆ ನಮ್ಮ ಹೋಟೆಲು, ಮೇಲೆ ಮನೆ. ಮೊದಲು ಸಗಟು ಅಂಗಡಿಯವರಷ್ಟೇ ಉಣ್ಣುತ್ತಿದ್ದಲ್ಲಿ ಹಳೇ ಕಟ್ಟಡ ನೋಡಲು ಬಂದವರೂ ಕೂರತೊಡಗಿದರು. ಸಂಜೆ ನಾನೂ ಅತ್ತೆಯೂ ಇಳಿದು ಬೆಂಚಿನಲ್ಲಿ ಗಾಳಿಗೆ ಕೂರುತ್ತಿದ್ದೆವು. ಬಂದವರೆಲ್ಲ ದೀಪ ನೋಡುತ್ತಿದ್ದರೆ ನಾನು ನಮ್ಮ ಮಹಡಿಯ ಗೋಡೆ ನೋಡುತ್ತಿದ್ದೆ.

ಬೀದಿ ಅಗೆಯುವಾಗ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು. ಇಂಜಿನಿಯರ್ ಒಬ್ಬರು ಬಂದು ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಅಲುಗಿದರೆ ಗಾಜು ಸೀಳುತ್ತದಂತೆ. ಸೀಳಿದರೆ ಕೂಡಲೇ ಹೇಳಬೇಕು, ಆಮೇಲೆ ಕಟ್ಟಡದೊಳಗೆ ಯಾರೂ ಇರಕೂಡದು ಎಂದು ತಮಿಳಿನಲ್ಲಿ ಮತ್ತೆ ಮತ್ತೆ ಹೇಳಿ ಹೋದರು. ಅಂದಿನಿಂದ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅದನ್ನು ನೋಡುವುದು ನನ್ನ ಕೆಲಸವಾಯಿತು. ಕೆಳಗೆ ಗ್ರೈಂಡರು ತಿರುಗಿದರೆ ಸ್ಟ್ಯಾಂಡಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು; ಅವು ಸುಮ್ಮನಾಗುವವರೆಗೆ ನನಗೆ ಕೈ ಓಡುತ್ತಿರಲಿಲ್ಲ.

ಅತ್ತೆಗೆ ಶುಕ್ರವಾರ ಒಲೆಗೆ, ಹೊಸ್ತಿಲಿಗೆ, ಗ್ರೈಂಡರಿಗೆ ಅರಿಸಿನ ಕುಂಕುಮ ಇಡುವ ಕ್ರಮ. ಗಾಜಿಗೂ ಒಂದು ಬೊಟ್ಟು ಇಡತೊಡಗಿದರು. ಮನೆ ಕಾಯುವುದಲ್ಲವಾ, ಇರಲಿ ಎಂದುಕೊಂಡೆ. ಬೊಟ್ಟಿನ ಸುತ್ತ ಗಾಜು ಕಾಣುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ಕೆಳಗೆ ಊಟದ ಗದ್ದಲ ಜೋರಾಗಿದ್ದಾಗ, ಮೇಲೆ ಹಪ್ಪಳ ಕರಿಯುತ್ತಿದ್ದವಳು ತಲೆ ಎತ್ತಿದೆ. ಬೊಟ್ಟು ಬೊಟ್ಟಾಗಿರಲಿಲ್ಲ. ನಾಮ ಎಳೆದಂತೆ ಮೇಲಿಂದ ಕೆಳಗೆ ಉದ್ದಕ್ಕಿತ್ತು. ಒಲೆ ಆರಿಸಿ, ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಕುಂಕುಮ ಹೋಯಿತು, ಗಾಜಿನಲ್ಲಿ ಸೀಳಿದ ಗೆರೆ ಉಳಿಯಿತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನೀನೆಂತಕ್ಕೆ ಉಜ್ಜಿದ್ದು? ಮಂಗಳವಾರವೇ ಒಡೆದದ್ದು ಅದು."

ಮೂರು ಬೆಳಿಗ್ಗೆ ಕುಂಕುಮವನ್ನೇ ಕಂಡು ಗಾಜು ಸರಿಯಿದೆ ಎಂದುಕೊಂಡಿದ್ದೆ. ಆ ಗೋಡೆಯ ಕೆಳಗೆ ದಿನಾ ಜನ ಉಂಡು ಎದ್ದಿದ್ದರು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ.

"ಹೇಳಿದ್ರೆ ಇಳಿಸ್ತಾರೆ. ಇಳಿದ ಮೇಲೆ ಈ ಬೀದಿಯಲ್ಲಿ ನಮಗೆ ಯಾರು ಜಾಗ ಕೊಡ್ತಾರೆ? ಬೀದಿ ಈಗ ಚಂದ ಆಯ್ತಲ್ಲ, ಬಾಡಿಗೆಯೂ ಹಾಗೇ ಏರಿದೆ."

ಅವರ ಕೈ ಹಿಡಿದು ಮೆಟ್ಟಿಲಿಳಿಸಿ ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಒಳಗೆ ಹೋಗಿ ಗಲ್ಲಾದಲ್ಲಿದ್ದ ಗಂಡನ ಕಿವಿಯಲ್ಲಿ ಹೇಳಿದೆ. ಎಲ್ಲರನ್ನೂ ಈಗಲೇ ಎಬ್ಬಿಸಿ ಎಂದೆ.

"ಎಲೆ ಮುಂದೆ ಕೂತವರನ್ನು ಏಳಿಸುವುದುಂಟಾ ಮಾರಾಯ್ತಿ?" ಎಂದರು. ದನಿ ನಡುಗುತ್ತಿತ್ತು, ಮಾತು ಮಾತ್ರ ಬದಲಾಗಲಿಲ್ಲ. ಹೊಸಬರನ್ನು ಬಿಡುವುದು ಬೇಡ, ಉಂಡವರು ತಾವೇ ಏಳಲಿ, ನೀನು ಬಾಗಿಲಲ್ಲಿ ನಿಲ್ಲು ಎಂದು ಇಂಜಿನಿಯರಿಗೆ ಫೋನು ಹಚ್ಚಿದರು.

ಊಟ ಮುಗಿಯಿತೆಂದು ಬಂದವರಿಗೆಲ್ಲ ಸುಳ್ಳು ಹೇಳಿದೆ. ಒಳಗೆ ಸಾರಿನ ಪರಿಮಳ ಹಾಗೇ ಇತ್ತು. ಒಬ್ಬ ನಗುತ್ತಾ ಇಣುಕಿ ನೋಡಿದ. ಎಲೆ ಮಡಚುವವರ ಕೈಯನ್ನೇ ಕಾಯುತ್ತಿದ್ದೆ. ಎಲ್ಲೋ ಚೂರು ಗಾರೆ ಉದುರಿದ ಸದ್ದು. ಅಲ್ಲ, ಅದು ಸೌಟು. ಕೊನೆಗೆ ಗೋಡೆ ಬದಿಯ ಮೇಜಿನಲ್ಲಿ ಒಬ್ಬ ಹಿರಿಯರು ಉಳಿದರು. ಮಜ್ಜಿಗೆ ಅನ್ನವನ್ನು ನಿಧಾನಕ್ಕೆ ಕಲಸುತ್ತಿದ್ದರು. ಗಂಡ ಮಜ್ಜಿಗೆಯ ಪಾತ್ರೆ ಹಿಡಿದು, ಇನ್ನೂ ಸ್ವಲ್ಪ ಬೇಕೇ ಎಂದು ಬಗ್ಗಿದರು.

"ಸಾರ್, ಇನ್ನುಂ ಕೊಂಜಂ ಮೋರು?"

ಹಿರಿಯರು ಯೋಚಿಸಿ, ಬೇಡವೆಂದು ಕೈ ಅಡ್ಡ ಹಿಡಿದರು.

ಅವರು ಕೈ ತೊಳೆದು ಹೋದ ಮೇಲೆ ಅಡುಗೆಯವರೂ ನಾವೂ ಹೊರಗೆ ಬಂದೆವು. ಅಷ್ಟರಲ್ಲಿ ಬಂದ ಇಂಜಿನಿಯರ್ ಒಬ್ಬರೇ ಮೇಲೆ ಹತ್ತಿ, ಬೇಗ ಇಳಿದು, ಬಾಗಿಲಿಗೆ ಹಗ್ಗ ಕಟ್ಟಿಸಿದರು. ಬಟ್ಟೆ ತರಲೂ ಬಿಡಲಿಲ್ಲ. ಮತ್ತೆ ಯಾವಾಗ ಒಳಗೆ ಎಂದು ಗಂಡ ಕೇಳಿದ್ದಕ್ಕೆ, ಮೊದಲು ಗೋಡೆ ನಿಲ್ಲಲಿ ಸಾರ್ ಎಂದಷ್ಟೇ ಅಂದರು. ಅತ್ತೆ ನನ್ನ ಮುಖ ನೋಡಲಿಲ್ಲ.

ಬಿಸಿಲು ಇಳಿದಾಗ ಕ್ಯಾಮರಾ ಹಿಡಿದ ಹುಡುಗಿಯರು ಬಂದರು. ಕಟ್ಟಡದ ಕಮಾನು ಪೂರ್ತಿ ಬರಬೇಕು, ಸ್ವಲ್ಪ ಆ ಕಡೆ ಹೋಗುತ್ತೀರಾ ಆಂಟಿ ಎಂದು ಕೇಳಿದರು. ಅತ್ತೆಯನ್ನು ಎಬ್ಬಿಸಿಕೊಂಡು ಸರಿದೆ.